ಸೊನ್ನೆ ಬಂದರೆ ಸರಿ

ನನಗೆ ಕುಳಿತಲ್ಲಿ ಕುಳಿತುಕೊಳ್ಳಲು ಬರುವುದಿಲ್ಲ. ಊಟದ ನಡುವೆ ಎರಡು ಸಲ ಏಳುತ್ತೇನೆ, ಒಮ್ಮೆ ನೀರಿಗೆ, ಇನ್ನೊಮ್ಮೆ ಯಾಕೆಂದು ನನಗೇ ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಮನೆಯಲ್ಲಿ ಬೈಸಿಕೊಂಡೇ ಬೆಳೆದೆ. ಇಂಥವಳು ಹೊಟ್ಟೆಪಾಡಿಗೆ ಹಿಡಿದದ್ದು ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸವನ್ನು! ನಗುವವರು ನಗಲಿ. ಹನ್ನೊಂದು ವರ್ಷ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ತಾತ್ಕಾಲಿಕ ಕಂಪ್ಯೂಟರ್ ಟೀಚರಾಗಿದ್ದೆ. ಕಾಯಂ ಆಗುವ ಲಕ್ಷಣ ಕಾಣದೆ ಬಿಟ್ಟೆ. ಈಗ ಹೊಸಂಗಡಿ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಒಂದು ಆಸ್ಪತ್ರೆ, ಎರಡು ಶಾಲೆ, ಒಂದು ಸೊಸೈಟಿಯ ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ಕೆಲಸ ಬದಲಾದರೂ ಜನರ ಬಾಯಲ್ಲಿ ನಾನು ಇನ್ನೂ ಟೀಚರೇ.

ಕೆಲಸದಲ್ಲಿ ನನಗೊಂದು ಚಾಳಿ ಉಂಟು. ಬೇರೆಯವರು ಬೇಜಾರಾದಾಗ ಮೊಬೈಲು ನೋಡುವ ಹಾಗೆ ನಾನು ಕಪ್ಪು ಪರದೆ ತೆರೆದು ಎಸ್-ಕ್ಲೈಂಟ್ ಎಂಬ ಸಣ್ಣ ಪರೀಕ್ಷೆಯ ಪ್ರೋಗ್ರಾಮನ್ನು ಓಡಿಸುತ್ತೇನೆ. ಒಂದೇ ಸಾಲಿನ ಆಜ್ಞೆ. ಎಸ್-ಕ್ಲೈಂಟ್, ಸರ್ವರಿನ ವಿಳಾಸ, ಬಾಗಿಲಿನ ನಂಬರು, ಎಂಟರ್. ಅದು ಹೋಗಿ ಆ ಸರ್ವರಿನ ಬಾಗಿಲು ತಟ್ಟುತ್ತದೆ, ಗುಟ್ಟಿನ ಮಾತಿಗೆ ಮೊದಲು ನಿನ್ನ ಗುರುತು ತೋರಿಸು ಎನ್ನುತ್ತದೆ. ಸರ್ವರು ತನ್ನ ಗುರುತುಪತ್ರ ಕೊಡುತ್ತದೆ. ಅದಕ್ಕೆ ಸಹಿ ಹಾಕಿದ್ದು ನಡುವಿನ ಒಂದು ಸಂಸ್ಥೆ. ಆ ನಡುವಿನವರಿಗೆ ಸಹಿ ಹಾಕಿದ್ದು ಮೇಲಿನ ದೊಡ್ಡ ಸಂಸ್ಥೆ. ದೊಡ್ಡವರನ್ನು ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಮೊದಲಿನಿಂದ ಬಲ್ಲವು, ನಡುವಿನವರನ್ನು ಬಲ್ಲವು ಎಂದೇನೂ ಇಲ್ಲ. ಆದ್ದರಿಂದ ಸರ್ವರು ತನ್ನ ಪತ್ರದ ಜೊತೆ ನಡುವಿನವರ ಪತ್ರವನ್ನೂ ಕೊಡಬೇಕು. ಎರಡೂ ಕೈಗೆ ಬಂದು, ಸಹಿಗಳೆಲ್ಲ ತಾಳೆಯಾದರೆ ಕೊನೆಯ ಸಾಲಿನಲ್ಲಿ ಒಂದು ಸೊನ್ನೆ ಬರುತ್ತದೆ, ಅದರ ಪಕ್ಕ ಓಕೆ.

ಸೊನ್ನೆ ಬಂದರೆ ಸರಿ. ಬೇರೆ ಯಾವ ಅಂಕೆ ಬಂದರೂ ತಪ್ಪು. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಎರಡು ಪರದೆ ತುಂಬುವಷ್ಟು ಅಕ್ಷರಗಳು ಸುರಿಯುತ್ತವೆ. ಸರ್ವರು ಯಾವ ಯಾವ ಪತ್ರ ಕೊಟ್ಟಿತು, ಯಾರು ಯಾರಿಗೆ ಸಹಿ ಹಾಕಿದರು, ಎಲ್ಲ ಅಲ್ಲಿ ಇರುತ್ತದೆ. ಅದನ್ನು ಓದುವ ವ್ಯವಧಾನ ಯಾರಿಗುಂಟು? ಮಾರ್ಕ್ಸ್ ಕಾರ್ಡು ಸಿಕ್ಕಿದ ಮಕ್ಕಳು ಮೊದಲು ಟೋಟಲ್ ನೋಡುತ್ತಾರಲ್ಲ, ಹಾಗೆ ನನ್ನ ಕಣ್ಣು ನೇರ ಕೊನೆಯ ಸಾಲಿಗೆ ಜಾರುತ್ತಿತ್ತು. ಸೊನ್ನೆ ಕಂಡ ಮೇಲೂ ಆ ಪ್ರೋಗ್ರಾಮು ಮುಗಿಯುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ಕರ್ಸರು ಮಿನುಗುತ್ತಾ ನಾನು ಏನಾದರೂ ಹೇಳಲಿ ಎಂದು ಕಾಯುತ್ತದೆ. ಯಾರಾದರೂ ನನ್ನನ್ನು ಕಾಯುತ್ತಿದ್ದಾರೆಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ತಕ್ಷಣ ಕತ್ತರಿಸಿ ಏಳುತ್ತಿದ್ದೆ.

ಆಸ್ಪತ್ರೆ ಎಂದೆನಲ್ಲ, ಅದು ಹೆದ್ದಾರಿ ಬದಿಯ ಒಂದು ಟ್ರಸ್ಟಿನದ್ದು, ದೊಡ್ಡದೇನೂ ಅಲ್ಲ. ಅಲ್ಲಿ ಕೆಲಸ ಕಲಿತ ನರ್ಸುಗಳು ಎರಡು ಮೂರು ವರ್ಷವಾಗುತ್ತಲೇ ಗಲ್ಫಿಗೆ ಹೊರಡುತ್ತಾರೆ. ಹೊರಟವರ ಅನುಭವ ನಿಜವೇ ಎಂದು ವಿಚಾರಿಸುವ ಕಾಗದಗಳಿಗೆ ಉತ್ತರಿಸಿ ಉತ್ತರಿಸಿ ಆಸ್ಪತ್ರೆಯ ಸೆಕ್ರೆಟರಿಯವರಿಗೆ ಸಾಕುಬೇಕಾಗಿತ್ತು. ಅದಕ್ಕೆ ನಾನೇ ಒಂದು ಪುಟ ಮಾಡಿಕೊಟ್ಟೆ. ಪ್ರತಿ ಹಳೆಯ ನರ್ಸಿಗೂ ಒಂದೊಂದು ಕೋಡು. ವಿಚಾರಣೆ ಮಾಡುವ ಏಜೆನ್ಸಿಯ ಕಂಪ್ಯೂಟರು ಆ ಕೋಡು ಹಿಡಿದು ನಮ್ಮ ಸರ್ವರಿಗೆ ಬಂದರೆ ಸಾಕು. ಇಂಥವರು ಇಂಥ ತಾರೀಕಿನಿಂದ ಇಂಥ ತಾರೀಕಿನ ತನಕ ಇಲ್ಲಿ ಕೆಲಸ ಮಾಡಿದ್ದು ಹೌದು ಎಂದು ಉತ್ತರ ಹೋಗುತ್ತದೆ. ಮನುಷ್ಯರ ಕೈ ತಾಗಬೇಕೆಂದಿಲ್ಲ. ಸುಳ್ಳು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಮಾಡಿಸಿಕೊಡುವ ಏಜೆಂಟರ ಕಾಲದಲ್ಲಿ ಇದು ದೊಡ್ಡ ಉಪಕಾರ ಎಂದು ನಾನು ಸ್ವಲ್ಪ ಬೀಗಿದ್ದೂ ಉಂಟು. ಇನ್ನು ಮುಂದೆ ಕಾಗದದ ಪತ್ರ ಕೊಡುವುದಿಲ್ಲ, ಎಲ್ಲ ಟೀಚರ ಸಿಸ್ಟಮ್ಮಿನಲ್ಲೇ ಎಂದು ಸೆಕ್ರೆಟರಿಯವರು ನೋಟಿಸು ಹಾಕಿದರು.

ಆ ಪುಟವನ್ನು ಮೊದಲು ಬಳಸಬೇಕಾಗಿ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಬಳಿ ಕಲಿತವಳು. ಮನೆ ಹೊಸಂಗಡಿಯಿಂದ ಒಳಗೆ, ಬಸ್ಸಿನಲ್ಲಿ ಅರ್ಧ ಗಂಟೆ. ಮನೆಮಾತು ಕೊಂಕಣಿ. ಅಪ್ಪ ಇಲ್ಲ, ತಾಯಿ ಮತ್ತು ಅವಳು ಇಬ್ಬರೇ. ನಾಲ್ಕು ವರ್ಷ ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದು, ಬಿಟ್ಟು, ಪರೀಕ್ಷೆ ಬರೆದು ಪಾಸಾಗಿ, ಗಲ್ಫಿನ ಒಂದು ದೊಡ್ಡ ಆಸ್ಪತ್ರೆಯ ಸಂದರ್ಶನದಲ್ಲೂ ಗೆದ್ದಿದ್ದಳು. ಬಾಕಿ ಉಳಿದದ್ದು ಈ ವಿಚಾರಣೆಯೊಂದೇ. ಏಜೆನ್ಸಿಯ ನಿಯಮ ಏನೆಂದರೆ ಮೂರು ಸಲ ಪ್ರಯತ್ನ. ಮೂರನೆಯದೂ ತಪ್ಪಿದರೆ ಕಡತ ಮುಚ್ಚುತ್ತಾರೆ, ಅವಳ ಹೆಸರಿನ ಮುಂದೆ ‘ಅನುಭವ ದೃಢಪಡಲಿಲ್ಲ’ ಎಂದು ಉಳಿಯುತ್ತದೆ. ಮುಂದೆ ಯಾವ ಆಸ್ಪತ್ರೆಯವರು ತೆಗೆದು ನೋಡಿದರೂ ಅದೇ ಕಾಣುತ್ತದೆ.

ಸೋಮವಾರ ಬೆಳಿಗ್ಗೆ ಫೋನು ಬಂತು.

“ಟೀಚರೇ, ಫಸ್ಟ್ ಟ್ರೈ ಫೇಲ್ ಅಂತ ಬಂದಿದೆ. ಎಂಪ್ಲಾಯರ್ ರೆಕಾರ್ಡ್ ವೆರಿಫೈ ಮಾಡ್ಲಿಕ್ಕೆ ಆಗ್ಲಿಲ್ಲವಂತೆ. ನಿಮ್ಮ ಸಿಸ್ಟಮ್ ಸರಿ ಉಂಟಲ್ಲ?”

“ಒಂದು ನಿಮಿಷ,” ಎಂದು ಫೋನು ಭುಜಕ್ಕೆ ಸಿಕ್ಕಿಸಿ ಎಸ್-ಕ್ಲೈಂಟ್ ಓಡಿಸಿದೆ. ಸೊನ್ನೆ. ಓಕೆ. “ನಮ್ಮದು ಸರಿ ಉಂಟು ಮಾರಾಯ್ತಿ. ನೀನು ಫಾರಮ್ಮಿನಲ್ಲಿ ತಾರೀಕು ಸರಿ ಹಾಕಿದ್ದೀಯಾ?”

“ಸರಿ ಹಾಕಿದ್ದೇನೆ ಟೀಚರೇ.”

“ಇನ್ನೊಮ್ಮೆ ನೋಡು.”

ನೋಡಿದಳಂತೆ, ಸರಿಯಿತ್ತಂತೆ. ಅವಳ ಲ್ಯಾಪ್‌ಟಾಪಿನ ಬ್ರೌಸರಿನಲ್ಲೂ ಪುಟ ಸಲೀಸಾಗಿ ತೆರೆದುಕೊಂಡಿತು. ಅವಳ ಹೆಸರು, ವಾರ್ಡು, ತಾರೀಕು ಎಲ್ಲವೂ ಕಾಣುತ್ತಿತ್ತು. ಹಾಗಾದರೆ ಏಜೆನ್ಸಿಯವರ ಕಡೆಯೇ ಏನೋ ಐಬು ಎಂದು ನಾನು ತೀರ್ಮಾನ ಕೊಟ್ಟೆ. ಅವಳು ಏಜೆನ್ಸಿಗೆ ಬರೆದಳು. ನಮ್ಮ ಕಡೆ ತೊಂದರೆ ಇಲ್ಲ, ನಿಮ್ಮ ಹಳೆಯ ಆಸ್ಪತ್ರೆಯನ್ನು ವಿಚಾರಿಸಿ ಎಂದು ಅವರು ಉತ್ತರ ಕೊಟ್ಟರು.

ಆ ವಾರ ನನಗೆ ನೆಮ್ಮದಿ ಎಂಬುದೇ ಇರಲಿಲ್ಲ. ಮೇಲಿನ ಕೋಣೆಯಿಂದ ಕೆಳಗಿಳಿದು ಚಾ ಕುಡಿಯುವುದು, ಅರ್ಧ ಲೋಟದಲ್ಲೇ ಬಿಟ್ಟು ಹತ್ತಿ ಬಂದು ಮತ್ತೆ ಆ ಆಜ್ಞೆ ಓಡಿಸುವುದು. ಸೊನ್ನೆ. ಕಿಟಕಿಯ ಹತ್ತಿರ ನಿಂತು ಹೆದ್ದಾರಿಯ ಧೂಳು ನೋಡುವುದು, ಮತ್ತೆ ಓಡಿಸುವುದು. ಸೊನ್ನೆ. ಗೋಡೆಗೆ ತಲೆ ಚಚ್ಚಿಕೊಂಡರೂ ಆ ಗೋಡೆ ಒಮ್ಮೆಯಾದರೂ ಬೇರೆ ಉತ್ತರ ಕೊಟ್ಟೀತು, ಇದು ಕೊಡುವುದಿಲ್ಲ. ಒಂದು ಸಲ ತಪ್ಪು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಪ್ಪು ಸಿಕ್ಕಿದರೆ ತಿದ್ದಬಹುದು, ಸರಿ ಇದ್ದದ್ದನ್ನು ಏನೆಂದು ತಿದ್ದುವುದು?

ಗುರುವಾರ ಎರಡನೇ ಪ್ರಯತ್ನವೂ ತಪ್ಪಿತು.

ಈ ಸಲ ಮೊದಲು ಫೋನು ಮಾಡಿದ್ದು ಸೆಕ್ರೆಟರಿಯವರು. “ಟೀಚರೇ, ಆ ಹುಡುಗಿ ಇಲ್ಲಿ ಬಂದು ಅಳ್ತಾ ಉಂಟು. ನಮ್ಮದು ಎಂತಾದ್ರೂ ಪ್ರಾಬ್ಲೆಮ್ ಉಂಟಾ?”

“ನಮ್ಮದು ಪಕ್ಕಾ ಉಂಟು ಸರ್. ನಾನು ಈ ವಾರ ಐವತ್ತು ಸಲ ಚೆಕ್ ಮಾಡಿದ್ದೇನೆ,” ಎಂದೆ. ಸ್ವರದಲ್ಲಿ ಸಿಡುಕಿತ್ತು. ನನ್ನ ಕೆಲಸದ ಮೇಲೆ ಯಾರಾದರೂ ಬೆರಳು ತೋರಿಸಿದರೆ ನನಗೆ ಮಂಡೆ ಬಿಸಿಯಾಗುತ್ತದೆ, ಅದೊಂದು ರೋಗ.

“ಹಾಗಾದ್ರೆ ಸರಿ. ನೀವು ಹೇಳಿದ ಮೇಲೆ ಮುಗೀತು,” ಎಂದು ಅವರು ಇಟ್ಟುಬಿಟ್ಟರು.

ಆಮೇಲೆ ಅವಳಿಗೆ ನಾನೇ ಫೋನು ಮಾಡಿದೆ. ಏನು ಕೇಳಿದೆ ಎಂಬುದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. “ನಾಲ್ಕು ವರ್ಷ ಪೂರ್ತಿ ಆಗಿತ್ತಾ? ನಡುವಿನಲ್ಲಿ ಎಲ್ಲಿಯಾದರೂ ಬಿಟ್ಟು ಪುನಃ ಸೇರಿದ್ದು ಉಂಟಾ?” ಎಂದೆ. ದಾಖಲೆ ನನ್ನ ಸರ್ವರಿನಲ್ಲೇ ಇತ್ತು. ಅವಳು ಸೇರಿದ ದಿನ, ಬಿಟ್ಟ ದಿನ ಎರಡನ್ನೂ ನಾನು ಆಗಷ್ಟೇ ಕಣ್ಣಾರೆ ನೋಡಿದ್ದೆ. ಆದರೂ ಕೇಳಿದೆ.

“ಇಲ್ಲ ಟೀಚರೇ,” ಎಂದಳು.

ಮೂರನೇ ಪ್ರಯತ್ನ ಶನಿವಾರ ಮಧ್ಯಾಹ್ನಕ್ಕೆ ನಿಗದಿಯಾಯಿತು. ಶುಕ್ರವಾರ ಬೆಳಿಗ್ಗೆ ಕೋಣೆಯಲ್ಲಿ ಉಸಿರು ಕಟ್ಟಿದಂತಾಗಿ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಒಳಗಿನ ಬಸ್ಸು ಹತ್ತಿದೆ. ಅವಳ ಮನೆಗೆ ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತೇ ಹೋದೆ. ಒಂಬತ್ತನೇ ಕ್ಲಾಸಿನಲ್ಲಿ ಒಮ್ಮೆ ನಾನು ಕೂಡಿಸುವಾಗ ತಪ್ಪಿ ಅವಳಿಗೆ ಐದು ಅಂಕ ಹೆಚ್ಚು ಕೊಟ್ಟಿದ್ದೆ. ಪೇಪರು ಹಿಡಿದು ಬಂದು, “ಟೀಚರೇ ಇದು ನನ್ನದಲ್ಲ,” ಎಂದು ಕಡಿಮೆ ಮಾಡಿಸಿಕೊಂಡು ಹೋಗಿದ್ದಳು. ಆ ನೆನಪು ಬಸ್ಸಿನಲ್ಲೇ ಬಂತು. ಬಂದರೂ ಕೂಡ ನನ್ನ ತಲೆ ತನ್ನ ಲೆಕ್ಕವನ್ನೇ ಮಾಡುತ್ತಿತ್ತು. ಸರ್ವರು ಸರಿ, ಏಜೆನ್ಸಿಯೂ ತನ್ನದು ಸರಿ ಎನ್ನುತ್ತದೆ, ಹಾಗಾದರೆ ಉಳಿದದ್ದು ಯಾರು?

ಜಗಲಿಯಲ್ಲಿ ಅವಳ ತಾಯಿ ಕುಳಿತಿದ್ದರು. ಬಾಯಮ್ಮ ಎಂದೇ ನಾನು ಅವರನ್ನು ಕರೆಯುವುದು. ಯಾವಾಗ ಹೋದರೂ ಗೇಟಿನವರೆಗೆ ಬಂದು ಕೈ ಹಿಡಿದು ಕರೆದುಕೊಂಡು ಹೋಗುವವರು ಅಂದು ಎದ್ದು ನಿಂತರು, ಅಷ್ಟೇ. ಒಳಗೆ ಊಟದ ಮೇಜಿನ ತುಂಬ ಕಾಗದ. ಡ್ಯೂಟಿ ಲಿಸ್ಟಿನ ಫೋಟೋಗಳು, ಹಳೆಯ ಐಡಿ ಕಾರ್ಡು, ವಾರ್ಡಿನಲ್ಲಿ ಹುಟ್ಟಿದ ಮಗುವನ್ನು ಎತ್ತಿಕೊಂಡು ನಿಂತ ಚಿತ್ರ, ಸಹೋದ್ಯೋಗಿಗಳೆಲ್ಲ ಸಹಿ ಹಾಕಿಕೊಟ್ಟ ಬೀಳ್ಕೊಡುಗೆಯ ಕಾರ್ಡು. ಅವಳು ಅವನ್ನೆಲ್ಲ ವರ್ಷದ ಪ್ರಕಾರ ಜೋಡಿಸುತ್ತಿದ್ದಳು. ಏಜೆನ್ಸಿಯವರು ಇವುಗಳಲ್ಲಿ ಒಂದನ್ನೂ ತೆಗೆದುಕೊಳ್ಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಇದೆಲ್ಲ ಯಾರಿಗೆ?” ಎಂದೆ.

“ಅಮ್ಮನಿಗೆ,” ಎಂದಳು ತಲೆ ಎತ್ತದೆ.

ಬಾಯಮ್ಮ ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದು ಕೇಳಿದ ಮೇಲೆ ನಾನು ಕುರ್ಚಿ ಎಳೆದು ಅವಳ ಹತ್ತಿರ ಕುಳಿತು ಸ್ವರ ತಗ್ಗಿಸಿದೆ. “ನೋಡು, ನನ್ನತ್ರ ಹೇಳಬಹುದು. ನಾನು ಯಾರಿಗೂ ಹೇಳುವುದಿಲ್ಲ. ನೀನು ಏಜೆನ್ಸಿಗೆ ಕೊಟ್ಟದ್ದರಲ್ಲಿ ಎಂತಾದರೂ ಚೂರು ಹೆಚ್ಚುಕಮ್ಮಿ ಉಂಟಾ? ಇದ್ದರೆ ಈಗಲೇ ಸರಿ ಮಾಡುವ.”

ಅವಳು ನನ್ನನ್ನು ನೋಡಿದಳು. ಕೋಪವಿಲ್ಲ, ಅಳುವೂ ಇಲ್ಲ. ನಾನು ಎದ್ದು ಕಿಟಕಿಯ ಹತ್ತಿರ ಹೋದೆ, ಮತ್ತೆ ಬಂದು ಕುಳಿತೆ, ಏನಾದರೂ ಮಾಡಬೇಕೆಂದು ಲ್ಯಾಪ್‌ಟಾಪು ತೆರೆದು ಅವಳ ಎದುರಿಗೇ ಆಜ್ಞೆ ಓಡಿಸಿದೆ. “ಇಗೋ ನೋಡು, ಸೊನ್ನೆ. ನಮ್ಮದರಲ್ಲಿ ಎಂತ ತಪ್ಪೂ ಇಲ್ಲ.”

ಅವಳು ಪರದೆ ನೋಡಿದಳು. ನರ್ಸುಗಳು ಮಾನಿಟರು ನೋಡುವ ಹಾಗೆ ಮೇಲಿನಿಂದ ಕೆಳಗೆ, ನಿಧಾನವಾಗಿ. ಆಮೇಲೆ ಕೇಳಿದಳು. “ಟೀಚರೇ, ಅವರು ನೋಡುವುದು ನಿಮ್ಮ ಲ್ಯಾಪ್‌ಟಾಪಿನಿಂದ ಅಲ್ಲವಲ್ಲ?”

“ಅಲ್ಲ.”

“ಮತ್ತೆ ನಿಮ್ಮದರಲ್ಲಿ ಮಾತ್ರ ನೋಡಿದ್ರೆ ಹೇಗೆ? ನಮ್ಮಲ್ಲಿ ಒಂದು ಬಿಪಿ ಮೆಷಿನ್ನಿನಲ್ಲಿ ಡೌಟ್ ಬಂದ್ರೆ ಇನ್ನೊಂದು ತಂದು ನೋಡ್ತೇವೆ.”

ನನಗೆ ಪಿತ್ತ ನೆತ್ತಿಗೇರಿತು. ನನಗೆ ಪಾಠ ಹೇಳಲಿಕ್ಕೆ ಬಂದಳಾ ಇವಳು? “ನೀನೇ ನಿನ್ನ ಲ್ಯಾಪ್‌ಟಾಪಿನಲ್ಲಿ ಓಪನ್ ಮಾಡಿದಿಯಲ್ಲ, ಬಂತಲ್ಲ!” ಎಂದೆ. ಹೇಳಿದ ಮರುಕ್ಷಣವೇ ನನ್ನದೇ ಹಳೆಯ ಪಾಠ ನೆನಪಾಯಿತು. ಬ್ರೌಸರಿನಲ್ಲಿ ಬಂದರೆ ಏನೂ ಸಾಬೀತಾಗುವುದಿಲ್ಲವೆಂದು ನಾನೇ ಮಕ್ಕಳಿಗೆ ಕಲಿಸಿದವಳು. ಬ್ರೌಸರುಗಳು ಜಾಣ. ಸರ್ವರು ಕೊಡದ ಪತ್ರವನ್ನು ಎಷ್ಟೋ ಸಲ ತಾವೇ ಎಲ್ಲಿಂದಲೋ ಹುಡುಕಿ ತಂದುಕೊಂಡು ಕೆಲಸ ಸಾಗಿಸುತ್ತವೆ. ಏಜೆನ್ಸಿಯ ಕಂಪ್ಯೂಟರಿಗೆ ಅಂಥ ದಾಕ್ಷಿಣ್ಯವೇನೂ ಇರುವುದಿಲ್ಲ.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಪೆನ್ ಡ್ರೈವ್ ಇರುತ್ತದೆ, ಅದರಿಂದ ಯಾವ ಕಂಪ್ಯೂಟರನ್ನೂ ಹೊಸದಾಗಿ, ಹಿಂದಿನದೇನೂ ನೆನಪಿಲ್ಲದಂತೆ, ಶುರು ಮಾಡಬಹುದು. ಅವಳ ಲ್ಯಾಪ್‌ಟಾಪು ಕೇಳಿ ತೆಗೆದುಕೊಂಡೆ, ಪೆನ್ ಡ್ರೈವ್ ಸಿಕ್ಕಿಸಿ ಶುರು ಮಾಡಿದೆ, ನನ್ನ ಮೊಬೈಲಿನ ಇಂಟರ್‌ನೆಟ್ ಕೊಟ್ಟೆ, ಅದೇ ಆಜ್ಞೆ ಟೈಪು ಮಾಡಿದೆ. ಎಂಟರ್.

ಇಪ್ಪತ್ತೊಂದು.

ಮೊದಲ ಪತ್ರವನ್ನೇ ದೃಢಪಡಿಸಲಾಗುತ್ತಿಲ್ಲ ಎಂದು ಅದರ ಅರ್ಥ. ಸಂಪರ್ಕ ಸಿಕ್ಕಿದೆ, ಗುರುತು ಸಿಕ್ಕಿಲ್ಲ. ನಾನು ಮೊದಲ ಸಲ ಬೆರಳಿಟ್ಟು ಮೇಲಿನಿಂದ ಓದಿದೆ. ಸರ್ವರು ಕೊಟ್ಟ ಪತ್ರಗಳ ಪಟ್ಟಿಯಲ್ಲಿ ಎರಡು ಇರಬೇಕಿತ್ತು. ಇದ್ದದ್ದು ಒಂದೇ. ನಡುವಿನವರ ಪತ್ರ ಇರಲಿಲ್ಲ. ಪಕ್ಕದಲ್ಲಿದ್ದ ನನ್ನ ಲ್ಯಾಪ್‌ಟಾಪಿನ ಪರದೆಯನ್ನು ಮೇಲಕ್ಕೆ ಸರಿಸಿದೆ. ಅಲ್ಲೂ ಪಟ್ಟಿಯಲ್ಲಿ ಒಂದೇ! ವಾರವಿಡೀ, ಐವತ್ತು ಸಲವೂ, ಅದು ಒಂದೇ ಎಂದು ಹೇಳುತ್ತಲೇ ಇತ್ತು. ನಾನು ಟೋಟಲ್ ನೋಡಿ ಎದ್ದು ಹೋಗುತ್ತಿದ್ದೆ.

ಹಾಗಾದರೆ ನನ್ನ ಲ್ಯಾಪ್‌ಟಾಪು ಸೊನ್ನೆ ಎಂದು ಹೇಗೆ ಹೇಳಿತು? ಅದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ, ಸುಮ್ಮನೆ ನೆನಪಾಯಿತು. ಏಳು ತಿಂಗಳ ಹಿಂದೆ ಆಸ್ಪತ್ರೆಯ ಗುರುತುಪತ್ರವನ್ನು ಹೊಸದು ಮಾಡಿಸಿದ್ದೆ. ಎರಡು ಫೈಲುಗಳು ಬಂದಿದ್ದವು, ಆಸ್ಪತ್ರೆಯದೊಂದು, ನಡುವಿನವರದೊಂದು. ಅವಸರದಲ್ಲಿ ಮೊದಲನೆಯದನ್ನು ಮಾತ್ರ ಸರ್ವರಿಗೆ ಹಾಕಿ ಪರೀಕ್ಷಿಸಿದಾಗ ಆಗಲೂ ಇಪ್ಪತ್ತೊಂದು ಬಂದಿತ್ತು. ಎರಡನೆಯದು ಇಲ್ಲದ್ದೇ ಕಾರಣವೋ ನೋಡುವ ಎಂದು ಅದನ್ನು ನನ್ನ ಲ್ಯಾಪ್‌ಟಾಪಿನ ನಂಬಿಕಸ್ತರ ಪಟ್ಟಿಗೆ ಸೇರಿಸಿ ಪುನಃ ಓಡಿಸಿದೆ. ಸೊನ್ನೆ ಬಂತು. ಹಾ, ಇದೇ ಕಾರಣ, ಸಿಕ್ಕಿತು! ಆ ಖುಷಿಯಲ್ಲಿ ಕೆಲಸ ಮುಗಿಯಿತೆಂದೇ ಅನ್ನಿಸಿತು. ಅಷ್ಟರಲ್ಲಿ ಆಸ್ಪತ್ರೆಯ ಎದುರು ಬಸ್ಸು ಹಾರನ್ ಹಾಕಿತು. ಹೆದ್ದಾರಿಯ ಕೆಲಸದಿಂದಾಗಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದೇ ದಿನಕ್ಕೊಂದು ಥರ, ಇದು ತಪ್ಪಿದರೆ ಇನ್ನೊಂದು ಯಾವಾಗಲೋ ಎಂದು ಲ್ಯಾಪ್‌ಟಾಪು ಮುಚ್ಚಿ ಓಡಿದೆ. ಸರ್ವರಿಗೆ ಆ ಫೈಲು ಹೋಗಲೇ ಇಲ್ಲ. ಅಂದಿನಿಂದ ನನ್ನ ಲ್ಯಾಪ್‌ಟಾಪೊಂದಕ್ಕೆ ಮಾತ್ರ ನಡುವಿನವರು ಪರಿಚಯ. ನಾನು ಮರೆತದ್ದನ್ನು ಅದು ನನ್ನಿಂದಲೇ ಮುಚ್ಚಿಡುತ್ತಿತ್ತು.

ಕುಳಿತೇ ಇದ್ದೆ. ನನ್ನ ಜೀವನದಲ್ಲಿ ಅಷ್ಟು ಅಲ್ಲಾಡದೆ ಕುಳಿತದ್ದು ಅದೊಂದೇ ಸಲ ಇರಬೇಕು.

ತಿದ್ದಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಎರಡನೇ ಫೈಲು ನನ್ನ ಲ್ಯಾಪ್‌ಟಾಪಿನಲ್ಲೇ ಬಿದ್ದಿತ್ತು. ಅವಳ ಊಟದ ಮೇಜಿನಿಂದಲೇ ಸರ್ವರಿಗೆ ಹೋಗಿ, ಅದನ್ನು ಮೊದಲನೆಯದರ ಕೆಳಗೆ ಅಂಟಿಸಿ, ಸರ್ವರಿನ ಆ ಭಾಗವನ್ನು ನಿಲ್ಲಿಸಿ ಪುನಃ ಶುರು ಮಾಡಿದೆ. ಅವಳ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಪಟ್ಟಿಯಲ್ಲಿ ಎರಡು. ಕೊನೆಯಲ್ಲಿ ಸೊನ್ನೆ.

“ಆಯಿತು,” ಎಂದೆ. “ಸರ್ವರಿನಲ್ಲಿ ಚೂರು ಪ್ರಾಬ್ಲೆಮ್ ಇತ್ತು. ಈಗ ಸರಿಯಾಯಿತು. ನಾಳೆ ಬರ್ತದೆ.”

ಎಷ್ಟು ಚಂದದ ಮಾತು! ಸರ್ವರಿನಲ್ಲಿ ಪ್ರಾಬ್ಲೆಮ್ ಇತ್ತು. ಗಾಳಿಗೆ ಮರದ ಗೆಲ್ಲು ಬಿದ್ದ ಹಾಗೆ, ಯಾರದ್ದೂ ಅಲ್ಲದ ತಪ್ಪು. ಅಲ್ಲಿಗೆ ನಿಲ್ಲಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಿಲ್ಲಿಸುವ ಉದ್ದೇಶವೇ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಬಾಯಮ್ಮ ಚಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಎಂತ ಪ್ರಾಬ್ಲೆಮ್ ಟೀಚರೇ?” ಎಂದು ಹುಡುಗಿ ಕೇಳಿದಳು.

“ಒಂದು ಫೈಲು ಹಾಕ್ಲಿಕ್ಕೆ ಬಿಟ್ಟುಹೋಗಿತ್ತು.”

“ಯಾರು ಹಾಕಬೇಕಿತ್ತು?”

“ನಾನು,” ಎಂದೆ, ಚಾ ಲೋಟದ ಹೊಗೆ ನೋಡುತ್ತಾ. ನಾನೇ ಹಾಕಬೇಕಿತ್ತು, ಏಳು ತಿಂಗಳ ಹಿಂದೆ ಮರೆತೆ, ಈ ವಾರವೆಲ್ಲ ತಪ್ಪು ಜಾಗದಲ್ಲಿ ನೋಡಿದೆ, ಅವಳದು ಏನೇನೂ ತಪ್ಪಿಲ್ಲ. ಬಾಯಮ್ಮನ ಕಡೆಗೂ ತಿರುಗಿ ಹೇಳಿದೆ. ಏಜೆನ್ಸಿಯವರು ಇವಳ ಕಾಗದಗಳಲ್ಲಿ ತಪ್ಪು ಹಿಡಿದದ್ದಲ್ಲ ಬಾಯಮ್ಮ, ಅವರಿಗೆ ನಮ್ಮ ಬಾಗಿಲು ದಾಟಲಿಕ್ಕೇ ಆಗಿರಲಿಲ್ಲ.

ಬಾಯಮ್ಮ ಲೋಟವನ್ನು ಮೇಜಿನ ಮೇಲೆ ಇಟ್ಟರು. ಇಡುವಾಗ ಚಾ ಒಂದಿಷ್ಟು ಹಳೆಯ ಡ್ಯೂಟಿ ಲಿಸ್ಟಿನ ಮೇಲೆ ಚೆಲ್ಲಿತು. “ನಾನು ಇವಳತ್ರ ಕೇಳಿದೆ ಟೀಚರೇ,” ಎಂದರು. “ನಿನ್ನೆ. ಅಲ್ತಾರಿನ ಎದುರು, ಯೇಸುವಿನ ಮುಂದೆ ನಿಲ್ಲಿಸಿ ಕೇಳಿದೆ. ಸುಳ್ಳು ಬರೆದಿದ್ದೀಯಾ ಅಂತ. ಟೀಚರು ಅವರದ್ದು ಸರಿ ಉಂಟು ಅಂತ ಹೇಳಿದ್ದಾರೆ, ಮತ್ತೆ ತಪ್ಪು ಯಾರದ್ದು ಅಂತ.” ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಗಳಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಮಗಳು ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

ನಾನು ಕ್ಷಮೆ ಕೇಳಿದೆ. ಹೇಗೆ ಕೇಳಿದೆನೋ, ಟೀಚರಾಗಿದ್ದವಳಿಗೆ ಆ ಮಾತು ನಾಲಿಗೆಗೆ ಅಭ್ಯಾಸವಿರಲಿಲ್ಲ. ಅವಳು ಪೆನ್ ಡ್ರೈವ್ ಎಳೆದು ತೆಗೆದು ನನ್ನ ಕೈಗೆ ಕೊಟ್ಟಳು.

“ಫೈಲಿಗೆ ನನಗೆ ಬೇಜಾರಿಲ್ಲ ಟೀಚರೇ. ನಮಗೂ ಮರೀತದೆ, ವಾರ್ಡಿನಲ್ಲಿ ಬೇಕಾದಷ್ಟು ಮರ್ತಿದ್ದೇನೆ. ಅಮ್ಮ ಕೇಳಿದ್ದು ಒಂದು ಸಲ. ನೀವು ಮೂರು ಸಲ ಕೇಳಿದ್ರಿ.”

ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಆದರೂ ಎದ್ದು ಬಂದೆ.

ಶನಿವಾರದ ಮಧ್ಯಾಹ್ನ ಹೇಗೆ ಕಳೆಯಿತೆಂದು ವಿವರಿಸಿ ಪ್ರಯೋಜನವಿಲ್ಲ. ಬಟ್ಟೆ ಅಂಗಡಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದೆನೆಂದರೆ, ಅಂಗಡಿಯವರು “ಎಂತ ಟೀಚರೇ, ಮೇಲೆ ಇರುವೆ ಉಂಟಾ?” ಎಂದು ಕೇಳಿದರು. ಎರಡೂವರೆಗೆ ಮೊಬೈಲಿನಲ್ಲಿ ಅವಳ ಸಂದೇಶ ಬಂತು. ಏಜೆನ್ಸಿ ಅವಳಿಗೆ ಕಳಿಸಿದ್ದನ್ನು ಹಾಗೆಯೇ ನನಗೆ ದಾಟಿಸಿದ್ದಳು. ಅನುಭವ ದೃಢಪಟ್ಟಿದೆ, ನಾಲ್ಕು ವರ್ಷ, ತಾರೀಕು ಸಮೇತ. ಅದರ ಕೆಳಗೆ ಅವಳ ಮಾತು ಒಂದೂ ಇಲ್ಲ. ನಾನು ಫೋನು ಮಾಡಿದೆ. “ಥ್ಯಾಂಕ್ಸ್ ಟೀಚರೇ,” ಎಂದಳು, ಬಹಳ ಮರ್ಯಾದೆಯಿಂದ. ಅವಳು ಬೈದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಸೆಕ್ರೆಟರಿಯವರಿಗೆ ಸೋಮವಾರ ಹೋಗಿ ನನ್ನ ತಪ್ಪು ಹೇಳಿದೆ. “ಹೋಗಲಿ ಬಿಡಿ ಟೀಚರೇ, ಸರಿಯಾಯ್ತಲ್ಲ,” ಎಂದು ಅವರು ಬೇರೆ ಮಾತಿಗೆ ಹೋದರು. ಅವರಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ನನ್ನ ಲ್ಯಾಪ್‌ಟಾಪಿನ ನಂಬಿಕಸ್ತರ ಪಟ್ಟಿಯನ್ನು ಬಿಚ್ಚಿ ಕೂತು, ಕೈಯಾರೆ ಸೇರಿಸಿದ್ದನ್ನೆಲ್ಲ ತೆಗೆದು ಹಾಕಿದೆ. ಅಂಥವು ಇನ್ನೂ ಎರಡಿದ್ದವು, ಯಾವ ಅವಸರದಲ್ಲಿ ಸೇರಿಸಿದ್ದೋ ದೇವರಿಗೇ ಗೊತ್ತು. ಈಗ ಯಾವ ಸರ್ವರನ್ನೂ ನನ್ನದರಿಂದ ಮಾತ್ರ ನೋಡಿ ಸರಿ ಎನ್ನುವುದಿಲ್ಲ. ಮೇಲಿನಿಂದ ಒಂದೊಂದು ಸಾಲೂ ಓದುತ್ತೇನೆ. ಓದುವಾಗ ಮೇಜಿನಡಿಯಲ್ಲಿ ಕಾಲು ಕುಣಿಯುತ್ತಿರುತ್ತದೆ, ಕುಣಿಯಲಿ.

ಅವಳು ಫೋನು ಮಾಡಬಹುದೆಂದು ಕಾದೆ. ವೀಸಾ ಬಂದಾಗ, ಟಿಕೆಟು ಆದಾಗ. ಮಾಡಲಿಲ್ಲ. ಮೊದಲೆಲ್ಲ ಫಾರಮ್ಮು ತುಂಬಿಸಲು, ಫೋಟೋದ ಅಳತೆ ಸಣ್ಣದು ಮಾಡಲು, ಎಲ್ಲದಕ್ಕೂ ಟೀಚರೇ ಎಂದು ಓಡಿ ಬರುತ್ತಿದ್ದವಳು. ನಾನಾಗಿ ಕೇಳಲು ಬಾಯಿ ಬರಲಿಲ್ಲ. ಎರಡು ಮೂರು ಸಲ ಬರೆದು ಅಳಿಸಿದೆ.

ಸುಮಾರು ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೊಸಂಗಡಿಯಲ್ಲಿ ಬಸ್ಸಿಳಿದಾಗ ಬಾಯಮ್ಮ ಎದುರಾದರು. ಕೈಯಲ್ಲಿ ಮೀನಿನ ಚೀಲ. ನನ್ನನ್ನು ಕಂಡದ್ದೇ ಮೊದಲಿನ ಹಾಗೆ ಬಂದು ಕೈ ಹಿಡಿದುಕೊಂಡರು. ಮುಖ ತುಂಬ ನಗು.

“ಗುರುವಾರ ತಲುಪಿದ್ಲು ಟೀಚರೇ. ರೂಮು ಚಂದ ಉಂಟಂತೆ. ಜೊತೆಯಲ್ಲಿ ನಮ್ಮ ಊರಿನ ಒಬ್ಬಳು ಇದ್ದಾಳಂತೆ. ಹೊರಡುವಾಗ ಭಯಂಕರ ಗಡಿಬಿಡಿ, ನೆಂಟರು, ಫಾದರು, ಎಲ್ಲ. ಟೀಚರಿಗೆ ಹೇಳ್ಲಿಕ್ಕೆ ಮರೀಬೇಡ, ಟೀಚರಿಂದ ಆದದ್ದು ಅಂತ ನಾನು ಹೇಳ್ತಾನೇ ಇದ್ದೆ. ಹೊರಡುವ ಮೊದಲು ನಿಮ್ಮತ್ರ ಹೇಳಿದ್ದಾಳಲ್ಲ?”

ಹಿಂದಿನಿಂದ ಬಸ್ಸು ಹಾರನ್ ಹಾಕುತ್ತಿತ್ತು. ಅವರು ನನ್ನ ಕೈ ಬಿಟ್ಟಿರಲಿಲ್ಲ.

“ಹೌದು ಬಾಯಮ್ಮ, ಹೇಳಿದ್ದಾಳೆ,” ಎಂದೆ. “ಬಂದು ಹೇಳಿ ಹೋದಳು.”

ಒಂದು ಮಾತೂ ಮರಳಿ ಕೇಳದೆ ಬಾಯಮ್ಮ ನಂಬಿದರು.